ನಾವೇ ಕಟ್ಟಿದ ಕರ್ನೆಲ್ ಅಪ್‌ಡೇಟ್‌ನಲ್ಲಿ ಅಳಿಸಿಹೋಗದಂತೆ ನೋಡಿಕೊಳ್ಳುವುದು ಹೇಗೆ?

ನಾನು ಕಾಮರ್ಸ್ ವಿದ್ಯಾರ್ಥಿ. ಸಿಇಬಿಎ ತೆಗೆದುಕೊಂಡಿರುವುದರಿಂದ ಅಕೌಂಟೆನ್ಸಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್ ಜೊತೆಗೆ ಕಂಪ್ಯೂಟರ್ ಸೈನ್ಸ್ ಕೂಡ ಇದೆ. ಆದರೆ ಈ ಲೇಖನದ ವಿಷಯ ನಮ್ಮ ಪಠ್ಯದಲ್ಲಿ ಇಲ್ಲ, ಅದನ್ನು ನಾನು ಕಲಿತದ್ದು ಅಬ್ಬಾ ಅವರ ಅಂಗಡಿಯಲ್ಲಿ. ಮೊನ್ನೆ ಲ್ಯಾಬಿನಲ್ಲಿ ನನ್ನ ಲ್ಯಾಪ್‌ಟಾಪ್ ಆನ್ ಆಗುವುದನ್ನು ನೋಡುತ್ತಿದ್ದ ಗೆಳೆಯರು, "ಇದೇನು, ಪರದೆಯ ಮೇಲೆ 'ಲಿನಕ್ಸ್-ಅಂಗಡಿ' ಅಂತ ಬರುತ್ತಿದೆ?" ಎಂದು ಕೇಳಿದರು. ನಿಂತ ಜಾಗದಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಬರೆದುಕೊಡುತ್ತೇನೆ ಎಂದಿದ್ದೆ.

ನಮ್ಮದು ಹಾರ್ಡ್‌ವೇರ್ ಅಂಗಡಿ. ಕಂಪ್ಯೂಟರಿನ ಹಾರ್ಡ್‌ವೇರ್ ಅಲ್ಲ. ಮೊಳೆ, ಪೈಪು, ನಲ್ಲಿ, ಬಣ್ಣದ ಡಬ್ಬಿ. ಮೂರು ವರ್ಷದ ಹಿಂದಿನವರೆಗೆ ಬಿಲ್ಲುಗಳೆಲ್ಲ ಕಾಗದದ ಮೇಲೆ ಇದ್ದವು. ಅವುಗಳನ್ನು ಕಂಪ್ಯೂಟರಿಗೆ ಹಾಕೋಣ ಎಂದು ಅಬ್ಬಾ ಅವರ ಬೆನ್ನು ಬಿದ್ದವನು ನಾನೇ. ಮಾಮೂಜಾನ್ ಅವರ ಮಗ, ನಾವೆಲ್ಲ ಭಾಯಿಜಾನ್ ಎನ್ನುತ್ತೇವೆ, ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಗಲ್ಫಿಗೆ ಹೊರಡುವ ಮುಂಚೆ ತನ್ನ ಲ್ಯಾಪ್‌ಟಾಪ್ ನನಗೆ ಕೊಟ್ಟ. ಅದರಲ್ಲಿ ಆರ್ಚ್ ಲಿನಕ್ಸ್ ಇತ್ತು. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ನಾನು ಬಿಲ್ಲುಗಳ ಪಟ್ಟಿ ಮಾಡತೊಡಗಿದೆ. ಪ್ರತಿ ತಿಂಗಳು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಸಲ್ಲಿಸಬೇಕು. ಅದಕ್ಕೆ ನಾನು ಪಟ್ಟಿಯನ್ನು ನಮ್ಮ ಟ್ಯಾಕ್ಸ್ ನೋಡುವ ಅಂಕಲ್‌ಗೆ ಕಳಿಸಬೇಕು. ತಡವಾದರೆ ದಿನದ ಲೆಕ್ಕದಲ್ಲಿ ಲೇಟ್ ಫೀ ಬೀಳುತ್ತದೆ.

ಆ ಲ್ಯಾಪ್‌ಟಾಪಿಗೆ ಒಂದು ವಿಚಿತ್ರ ಕಾಯಿಲೆ. ಲಿನಕ್ಸ್ ಹಾಕಿದರೆ ಅದರ ಸ್ವಂತ ಕೀಬೋರ್ಡ್ ಕೆಲಸ ಮಾಡುತ್ತಿರಲಿಲ್ಲ. ಟಚ್‌ಪ್ಯಾಡ್ ನಡೆಯುತ್ತದೆ, ವೈಫೈ ನಡೆಯುತ್ತದೆ, ಕೀಬೋರ್ಡ್ ಮಾತ್ರ ಸತ್ತಂತೆ. ಭಾಯಿಜಾನ್ ಅದಕ್ಕೆ ಮದ್ದು ಕಂಡುಹಿಡಿದಿದ್ದ. ಆ ಮದ್ದು ಏನು ಎಂಬುದು ಗೊತ್ತಾಗದೆ ಮುಂದಿನದು ಅರ್ಥವಾಗುವುದಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. (ಅಬ್ಬಾ ಮೊದಲ ಸಲ ಕೇಳಿದಾಗ "ಯಾವ ಕರ್ನಲ್? ಮಿಲಿಟರಿಯವರಾ?" ಎಂದಿದ್ದರು.) ಉರ್ದುವಿನಲ್ಲಿ ಮಗ್ಜ್ ಎಂಬ ಒಂದೇ ಪದ ಬೀಜದೊಳಗಿನ ತಿರುಳಿಗೂ ತಲೆಯೊಳಗಿನ ಮಿದುಳಿಗೂ ಸಲ್ಲುತ್ತದೆ. ಕರ್ನೆಲ್‌ಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಮೆಮೊರಿ ಹಂಚುವುದು, ಡಿಸ್ಕ್ ಓದುವುದು, ಕೀಬೋರ್ಡಿನ ಮಾತು ಕೇಳುವುದು ಎಲ್ಲ ಅದರ ಕೆಲಸ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಇದನ್ನು ಬರೆಯಲು ಶುರು ಮಾಡಿದರು. ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದು.

ನಾವು ಕೀಲಿ ಒತ್ತಿದಾಗ ಕೀಬೋರ್ಡು ಪ್ರೊಸೆಸರಿಗೆ ಒಂದು ಸಂಕೇತ ಕಳಿಸುತ್ತದೆ. ಅದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಕೀಬೋರ್ಡಿನದು ಹಳೆಯ ಪಿಸಿ ಕಾಲದಿಂದಲೂ 1ನೇ ನಂಬರಿನ ಇಂಟರಪ್ಟ್. ಹಳೆಯ ಪದ್ಧತಿಯಲ್ಲಿ ಸಂಕೇತ ಒಂದು ರೀತಿ ಬರುತ್ತಿತ್ತು, ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆ ಉಲ್ಟಾ ಬರುತ್ತದೆ. ಲ್ಯಾಪ್‌ಟಾಪು "ನನ್ನದು ಉಲ್ಟಾ" ಎಂದು ಹೇಳಿಕೊಂಡರೂ ಕರ್ನೆಲ್ ಅದನ್ನು ನಂಬದೆ ಹಳೆಯ ಪದ್ಧತಿಯನ್ನೇ ಹಾಕಿಬಿಡುತ್ತಿತ್ತು. ಹಾಗಾಗಿ ಕರ್ನೆಲ್ ಬರೆಯುವವರು ಒಂದು ಪಟ್ಟಿ ಇಟ್ಟಿದ್ದಾರೆ: ಇಂಥಿಂಥ ಮಾಡೆಲ್ ಆದರೆ ಲ್ಯಾಪ್‌ಟಾಪ್ ಹೇಳಿದ್ದನ್ನೇ ನಂಬು ಎಂದು. ನಮ್ಮ ಲ್ಯಾಪ್‌ಟಾಪಿನ ಮಾಡೆಲ್ ಆ ಪಟ್ಟಿಯಲ್ಲಿ ಇರಲಿಲ್ಲ. ಭಾಯಿಜಾನ್ ಸೋರ್ಸ್ ಕೋಡಿನಲ್ಲಿ ಆ ಪಟ್ಟಿ ಇರುವ ಫೈಲನ್ನು ತೆರೆದು ನಾಲ್ಕೈದು ಸಾಲು ಸೇರಿಸಿ, ಇಡೀ ಕರ್ನೆಲ್ಲನ್ನು ಮತ್ತೆ ಕಂಪೈಲ್ ಮಾಡಿದ. ಪ್ರಿಂಟರ್ ಡ್ರೈವರ್ ಹಾಕಿದಂತೆ ಇದನ್ನು ಬೇರೆಯಾಗಿ ಹೊರಗಿನಿಂದ ಸೇರಿಸಲು ಬರುವುದಿಲ್ಲ. ಆ ಭಾಗ ಕರ್ನೆಲ್ಲಿನೊಳಗೇ ಹೊಸೆದುಕೊಂಡಿರುತ್ತದೆ. ಕಟ್ಟಿದರೆ ಪೂರ್ತಿ ಕಟ್ಟಬೇಕು.

ಕೀಬೋರ್ಡ್ ಓಡತೊಡಗಿತು. ನಾನು ಇದನ್ನೆಲ್ಲ ಮರೆತೂ ಬಿಟ್ಟೆ.

ಆಮೇಲೆ ಒಂದು ತಿಂಗಳ 10ನೇ ತಾರೀಖು ಬಂತು. ಮೂವತ್ತೆಂಟು ಬಿಲ್ಲು ಟೈಪ್ ಮಾಡುವುದು ಬಾಕಿ. ರಾತ್ರಿ ಊಟವಾದ ಮೇಲೆ ಕೂತೆ. ಕೂರುವ ಮೊದಲು, ಬಹಳ ದಿನವಾಯಿತಲ್ಲ ಎಂದು, ಸಿಸ್ಟಮ್ ಅಪ್‌ಡೇಟ್ ಮಾಡುವ ಆದೇಶ ಕೊಟ್ಟೆ. ಆರ್ಚ್‌ನಲ್ಲಿ ಅದು ಪ್ಯಾಕ್‌ಮ್ಯಾನ್ -ಎಸ್‌ವೈಯು. ಇನ್ನೂರಕ್ಕೂ ಹೆಚ್ಚು ಪ್ಯಾಕೇಜುಗಳ ಹೆಸರು ಪರದೆ ತುಂಬ ಬಂದವು, ಮುಂದುವರಿಸಲೇ ಎಂದು ಕೇಳಿತು, ಎಂಟರ್ ಒತ್ತಿದೆ. ಆ ಪಟ್ಟಿಯ ನಡುವೆ ಎಲ್ಲೋ ಲಿನಕ್ಸ್ ಎಂಬ ಹೆಸರೂ ಇತ್ತು, ಅದರ 6.12 ಹೋಗಿ 6.13 ಬರುತ್ತಿತ್ತು. ನಾನು ಓದಲಿಲ್ಲ. ಅಪ್‌ಡೇಟ್ ಮುಗಿದ ಮೇಲೆ ಬಿಲ್ಲಿನ ಫೋಟೋಗಳಿದ್ದ ಪೆನ್‌ಡ್ರೈವ್ ಹಾಕಿದೆ. ಅದು ಕಾಣಿಸಲಿಲ್ಲ. ಇದು ಯಾಕೆಂದು ಈಗ ಗೊತ್ತು: ಓಡುತ್ತಿದ್ದದ್ದು ಹಳೆಯ ಕರ್ನೆಲ್, ಆದರೆ ಅದರ ಬಿಡಿಭಾಗಗಳನ್ನು, ಅಂದರೆ ಮಾಡ್ಯೂಲ್‌ಗಳನ್ನು, ಅಪ್‌ಡೇಟ್ ಆಗಲೇ ತೆಗೆದುಹಾಕಿತ್ತು. ಆಗ ಮಾತ್ರ, ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ ಎಂದುಕೊಂಡೆ.

ರೀಸ್ಟಾರ್ಟ್ ಆಯಿತು. ಪಾಸ್‌ವರ್ಡ್ ಕೇಳಿತು. ಕೀಬೋರ್ಡ್ ಸತ್ತಿತ್ತು.

ಮತ್ತೆ ಆಫ್ ಮಾಡಿ ಆನ್ ಮಾಡಿದೆ. ಮೊದಲು ಬರುವ ಗ್ರಬ್ ಮೆನುವಿನಲ್ಲಿ ಮೇಲೆ ಕೆಳಗೆ ಬಾಣದ ಕೀಲಿ ಒತ್ತಿದರೆ ಚೆನ್ನಾಗಿಯೇ ನಡೆಯುತ್ತಿತ್ತು! ಇದು ನನ್ನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು. ಗ್ರಬ್ ಬರುವ ಹೊತ್ತಿಗೆ ಲಿನಕ್ಸ್ ಇನ್ನೂ ಎದ್ದಿರುವುದಿಲ್ಲ, ಕೀಬೋರ್ಡನ್ನು ನೋಡಿಕೊಳ್ಳುವುದು ಲ್ಯಾಪ್‌ಟಾಪಿನ ಸ್ವಂತ ಫರ್ಮ್‌ವೇರ್. ಕರ್ನೆಲ್ ಎದ್ದು ಅಧಿಕಾರ ತೆಗೆದುಕೊಂಡ ಕ್ಷಣ ಕೀಬೋರ್ಡ್ ಮೂಕ. ಮೆನುವಿನಲ್ಲಿ ಹಳೆಯ ಕರ್ನೆಲ್ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದದ್ದು ಒಂದೇ.

ಅಂಗಡಿಗಳೆಲ್ಲ ಮುಚ್ಚಿದ್ದವು, ಯುಎಸ್‌ಬಿ ಕೀಬೋರ್ಡ್ ತರುವ ಹಾಗಿರಲಿಲ್ಲ. ಲಾಗಿನ್ ಪರದೆಯಲ್ಲಿ ಒಂದು ಚಿಕ್ಕ ಚಿತ್ರ ಒತ್ತಿದರೆ ಪರದೆಯ ಮೇಲೆಯೇ ಕೀಬೋರ್ಡ್ ಮೂಡುತ್ತದೆ. ಟಚ್‌ಪ್ಯಾಡಿನಿಂದ ಒಂದೊಂದೇ ಅಕ್ಷರ ಒತ್ತಿ ಒಳಗೆ ಹೋದೆ. ಆಮೇಲೆ ಮೂವತ್ತೆಂಟು ಬಿಲ್ಲನ್ನೂ ಹಾಗೆಯೇ, ಒಂದೊಂದೇ ಅಂಕಿ ಒತ್ತಿ, ರಾತ್ರಿ ಎರಡರವರೆಗೆ. ಅಬ್ಬಾ ಪಕ್ಕದಲ್ಲಿ ಕೂತು ಬಿಲ್ಲಿನ ನಂಬರ್ ಓದಿ ಹೇಳುತ್ತಿದ್ದರು. ಒಂದು ಮಾತು ಬೈಯಲಿಲ್ಲ. ಕೊನೆಗೆ ಏಳುವಾಗ ಮಾತ್ರ, "ಬೇಟಾ, ಮುಂದಿನ ತಿಂಗಳಿಂದ ಪುಸ್ತಕದಲ್ಲೇ ಬರೆಯೋಣವಾ?" ಎಂದರು. ಬೈದಿದ್ದರೆ ವಾಸಿಯಿತ್ತು.

ಮರುದಿನ ಭಾಯಿಜಾನ್‌ಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿ, "ತಪ್ಪು ನನ್ನದೂ ಇದೆ, ಅವಸರದಲ್ಲಿ ಹೆಸರು ಬದಲಾಯಿಸದೆ ಹಾಕಿದ್ದೆ" ಎಂದ. "ಆದರೆ ನಾನು ಕಟ್ಟಿದ ಪ್ಯಾಕೇಜಿನ ಫೋಲ್ಡರ್ ಎಲ್ಲಿ? ಅದರಲ್ಲಿರುವ ಫೈಲನ್ನು ಮತ್ತೆ ಹಾಕಿದರೆ ಐದು ನಿಮಿಷದ ಕೆಲಸ." ಆ ಫೋಲ್ಡರು ತುಂಬ ಜಾಗ ತಿನ್ನುತ್ತಿದೆ ಎಂದು ನಾನೇ ಅಳಿಸಿದ್ದೆ. ಅದನ್ನು ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.

ಈಗ ಮುಖ್ಯ ವಿಷಯ. ಪ್ಯಾಕೇಜ್ ಮ್ಯಾನೇಜರ್ ಯಾಕೆ ಹೀಗೆ ಮಾಡಿತು? ಅದು ಕಾಮರ್ಸ್‌ನವರಿಗೆ ಬೇಗ ಅರ್ಥವಾಗುವ ವಿಷಯ, ಯಾಕೆಂದರೆ ಪ್ಯಾಕೇಜ್ ಮ್ಯಾನೇಜರ್ ಅಂದರೆ ಒಂದು ಲೆಡ್ಜರ್. ಯಾವ ಪ್ಯಾಕೇಜು, ಯಾವ ಆವೃತ್ತಿ, ಅದರ ಫೈಲುಗಳು ಎಲ್ಲೆಲ್ಲಿವೆ ಎಂದು ಬರೆದಿಟ್ಟುಕೊಂಡಿರುತ್ತದೆ. ಅಪ್‌ಡೇಟ್ ಮಾಡುವಾಗ ಅದು ಎರಡೇ ಪ್ರಶ್ನೆ ಕೇಳುತ್ತದೆ. ಈ ಹೆಸರಿನದು ಭಂಡಾರದಲ್ಲಿ, ಅಂದರೆ ರೆಪಾಸಿಟರಿಯಲ್ಲಿ, ಇದೆಯೇ? ಅಲ್ಲಿರುವ ಆವೃತ್ತಿಯ ನಂಬರ್ ದೊಡ್ಡದೇ? ಎರಡಕ್ಕೂ ಹೌದು ಎಂದರೆ ಹಳೆಯದನ್ನು ತೆಗೆದು ಹೊಸದು ಹಾಕುತ್ತದೆ. ಒಳಗೆ ಯಾರು ಏನು ತಿದ್ದಿದ್ದಾರೆ ಎಂದು ನೋಡುವುದಿಲ್ಲ. ಭಾಯಿಜಾನ್ ಕಟ್ಟಿದ ಕರ್ನೆಲ್ಲಿನ ಹೆಸರೂ ಲಿನಕ್ಸ್, ಭಂಡಾರದ್ದರ ಹೆಸರೂ ಲಿನಕ್ಸ್.

ಅಬ್ಬಾ ಅವರ ಉದ್ರಿ ಪುಸ್ತಕದಲ್ಲಿ ಇಬ್ಬರು ಬಸಣ್ಣ ಇದ್ದಾರೆ. ಒಬ್ಬರು ಕೊಟ್ಟ ದುಡ್ಡು ಇನ್ನೊಬ್ಬರ ಖಾತೆಗೆ ಹೋಗಿ ಜಗಳವಾದ ಮೇಲೆ ಅಬ್ಬಾ ಒಬ್ಬರನ್ನು ಮಿಲ್ ಬಸಣ್ಣ, ಇನ್ನೊಬ್ಬರನ್ನು ಪ್ಲಂಬರ್ ಬಸಣ್ಣ ಎಂದು ಬರೆಯತೊಡಗಿದರು. ನನ್ನ ಸಮಸ್ಯೆಗೂ ಅದೇ ಮದ್ದು. ಆದರೆ ನಾನು ಮೊದಲು ಆ ದಾರಿ ಹಿಡಿಯಲಿಲ್ಲ.

ಮೊದಲು ಮಾಡಿದ್ದು ಸುಲಭದ ಕೆಲಸ. ಕರ್ನೆಲ್ ಮತ್ತೆ ಕಟ್ಟಿ (ನಮ್ಮ ಲ್ಯಾಪ್‌ಟಾಪಿನಲ್ಲಿ ಮೂರು ಗಂಟೆ, ಫ್ಯಾನಿನ ಸದ್ದಿಗೆ ಅಮ್ಮಿ ಎರಡು ಸಲ ಬಂದು ನೋಡಿದರು), ಪ್ಯಾಕ್‌ಮ್ಯಾನ್‌ನ ಸೆಟ್ಟಿಂಗ್ ಫೈಲಿನಲ್ಲಿ ಇಗ್ನೋರ್‌ಪಿಕೆಜಿ ಎಂಬ ಸಾಲಿನಲ್ಲಿ ಲಿನಕ್ಸ್ ಎಂದು ಸೇರಿಸಿದೆ. ಹಾಗೆ ಮಾಡಿದರೆ ಅಪ್‌ಡೇಟ್ ಸಮಯದಲ್ಲಿ "ಇದನ್ನು ಬಿಟ್ಟು ಮುಂದೆ ಹೋಗುತ್ತಿದ್ದೇನೆ" ಎಂಬ ಎಚ್ಚರಿಕೆ ಕೊಟ್ಟು ಉಳಿದದ್ದನ್ನು ಮಾತ್ರ ಹೊಸದು ಮಾಡುತ್ತದೆ. ಕರ್ನೆಲ್ ಉಳಿಯಿತು. ಇಷ್ಟಕ್ಕೇ ಬಹಳ ಜನ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದ್ದೆ.

ಭಾಯಿಜಾನ್‌ಗೆ ಹೇಳಿದಾಗ ಅವನಿಗೆ ಅದು ಹಿಡಿಸಲಿಲ್ಲ. ಅವನು ಕೊಟ್ಟ ಉದಾಹರಣೆ ಡರ್ಟಿ ಪೈಪ್. 2022ರಲ್ಲಿ ಮ್ಯಾಕ್ಸ್ ಕೆಲ್ಲರ್‌ಮನ್ ಎಂಬವರು ಲಿನಕ್ಸ್ ಕರ್ನೆಲ್ಲಿನಲ್ಲಿ ಕಂಡುಹಿಡಿದ ದೋಷ ಅದು. 5.8ರಿಂದ ಮುಂದಿನ ಆವೃತ್ತಿಗಳಲ್ಲಿ, ಓದಲು ಮಾತ್ರ ಅನುಮತಿ ಇರುವ ಫೈಲಿನೊಳಗೂ ಸಾಮಾನ್ಯ ಬಳಕೆದಾರ ತನಗೆ ಬೇಕಾದ್ದನ್ನು ಬರೆದುಬಿಡಬಹುದಿತ್ತು. ಅಂದರೆ ಯಂತ್ರದ ಒಡೆಯನೇ ಆಗಬಹುದಿತ್ತು. 5.16.11, 5.15.25, 5.10.102 ಈ ಆವೃತ್ತಿಗಳಲ್ಲಿ ಸರಿಪಡಿಸಿದರು. ಆಗ ಕರ್ನೆಲ್ಲಿಗೆ ಬೀಗ ಹಾಕಿ ಮರೆತವರ ಬಾಗಿಲು ತೆರೆದೇ ಉಳಿಯಿತು. "ನಿನ್ನ ಲ್ಯಾಪ್‌ಟಾಪಿನಲ್ಲಿ ಗಿರಾಕಿಗಳ ಜಿಎಸ್‌ಟಿ ನಂಬರ್, ಫೋನ್ ನಂಬರ್ ಎಲ್ಲ ಇದೆ. ಅಪ್‌ಡೇಟ್ ನಿಲ್ಲಿಸಿ ಕೂತುಕೊಳ್ಳುತ್ತೀಯಾ?" ಎಂದು ಕೇಳಿದ. ಇನ್ನೊಂದು ತೊಂದರೆಯೂ ಇದೆ. ಆರ್ಚ್‌ನಲ್ಲಿ ಎಲ್ಲ ಪ್ಯಾಕೇಜುಗಳೂ ಒಟ್ಟಿಗೆ ಮುಂದೆ ಸಾಗುತ್ತವೆ. ಒಂದನ್ನು ಮಾತ್ರ ಹಿಡಿದು ನಿಲ್ಲಿಸಿದರೆ, ಅದನ್ನೇ ನೆಚ್ಚಿಕೊಂಡ ಗ್ರಾಫಿಕ್ಸ್ ಡ್ರೈವರ್‌ನಂಥದ್ದು ಕೈಕೊಡುತ್ತದೆ.

ಹಾಗಾಗಿ ಬಸಣ್ಣನ ದಾರಿ. ಆರ್ಚ್‌ನಲ್ಲಿ ಪ್ಯಾಕೇಜ್ ಕಟ್ಟಲು ಪಿಕೆಜಿಬಿಲ್ಡ್ ಎಂಬ ಒಂದು ಚೀಟಿ ಇರುತ್ತದೆ, ಅಡುಗೆಯ ರೆಸಿಪಿಯಂತೆ. ಕರ್ನೆಲ್ಲಿನ ಆ ಚೀಟಿಯ ಆರಂಭದಲ್ಲೇ ಪಿಕೆಜಿಬೇಸ್ ಎಂಬ ಸಾಲು ಇದೆ. ಅಲ್ಲಿ ಲಿನಕ್ಸ್ ಎಂದಿರುವುದನ್ನು ಲಿನಕ್ಸ್-ಅಂಗಡಿ ಎಂದು ಮಾಡಿದೆ. (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ.) ಇದೊಂದು ಸಾಲಿನಿಂದ ಬಹಳ ಕೆಲಸ ಆಗುತ್ತದೆ. ಪ್ಯಾಕೇಜಿನ ಹೆಸರು ಬೇರೆಯಾಗುತ್ತದೆ, ಬೂಟ್ ಫೋಲ್ಡರಿನಲ್ಲಿ ಕರ್ನೆಲ್ ಫೈಲಿನ ಹೆಸರು ಬೇರೆಯಾಗುತ್ತದೆ, ಮಾಡ್ಯೂಲ್‌ಗಳ ಫೋಲ್ಡರೂ ಬೇರೆಯಾಗುತ್ತದೆ. ಯಾಕೆಂದರೆ ಆ ಚೀಟಿ ನಾವು ಸೇರಿಸಿದ ಬಾಲವನ್ನು ಕರ್ನೆಲ್ಲಿನ ಆವೃತ್ತಿಯ ಹೆಸರಿಗೂ ಅಂಟಿಸುತ್ತದೆ. ಯುನೇಮ್ -ಆರ್ ಎಂದು ಕೇಳಿದರೆ ಕೊನೆಯಲ್ಲಿ 'ಅಂಗಡಿ' ಎಂದು ಉತ್ತರ ಬರುತ್ತದೆ. ಓಡುತ್ತಿರುವುದು ನನ್ನದೇ ಎಂದು ತಿಳಿಯಲು ಇದೇ ಗುರುತು.

ಹೆಸರು ಬೇರೆಯಾದ ಮೇಲೆ ಇಗ್ನೋರ್‌ಪಿಕೆಜಿ ಸಾಲನ್ನು ತೆಗೆದುಹಾಕಿದೆ. ಈಗ ಭಂಡಾರದ ಲಿನಕ್ಸ್ ತನ್ನ ಪಾಡಿಗೆ ಹೊಸದಾಗುತ್ತಿರುತ್ತದೆ, ಲಿನಕ್ಸ್-ಅಂಗಡಿಯನ್ನು ಪ್ಯಾಕ್‌ಮ್ಯಾನ್ ಮುಟ್ಟುವುದಿಲ್ಲ. ಆ ಹೆಸರಿನದು ಭಂಡಾರದಲ್ಲಿ ಇಲ್ಲವಲ್ಲ. ಎರಡೂ ಅಕ್ಕಪಕ್ಕ ಇರುತ್ತವೆ, ಒಂದು ಕೆಟ್ಟರೆ ಇನ್ನೊಂದರಿಂದ ಏಳಬಹುದು.

ಇಷ್ಟಾದರೂ ಒಂದು ಕಡೆ ಜಾರುವ ಸಾಧ್ಯತೆ ಇದೆ, ಅದು ಗ್ರಬ್. ಎರಡು ಕರ್ನೆಲ್ ಇದ್ದಾಗ ಯಾವುದನ್ನು ಎಬ್ಬಿಸಬೇಕು ಎಂದು ಗ್ರಬ್ ತಾನೇ ನಿರ್ಧರಿಸಿದರೆ ಅದು ನಮ್ಮದೇ ಆಗಬೇಕೆಂದಿಲ್ಲ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಗ್ರಬ್ ಡೀಫಾಲ್ಟ್ ಎಂಬುದಕ್ಕೆ ಸೇವ್ಡ್ ಎಂದೂ, ಗ್ರಬ್ ಸೇವ್‌ಡೀಫಾಲ್ಟ್ ಎಂಬುದಕ್ಕೆ ಟ್ರೂ ಎಂದೂ ಕೊಟ್ಟು, ಮೆನುವನ್ನು ಮತ್ತೆ ತಯಾರಿಸಿದರೆ ಕಳೆದ ಸಲ ನಾವು ಆರಿಸಿದ್ದನ್ನೇ ಅದು ನೆನಪಿಟ್ಟುಕೊಳ್ಳುತ್ತದೆ. ಒಳಮೆನು ಬೇಡ ಎನ್ನುವ ಸಾಲನ್ನೂ ಸೇರಿಸಿದ್ದೇನೆ. ಅದಕ್ಕೇ ನಿಮಗೆ ಪರದೆಯ ಮೇಲೆ ಲಿನಕ್ಸ್-ಅಂಗಡಿ ನೇರವಾಗಿ ಕಂಡದ್ದು.

ಉಬುಂಟು, ಡೆಬಿಯನ್ ಬಳಸುವ ಗೆಳೆಯರಿಗೆ ಕಥೆ ಸ್ವಲ್ಪ ಬೇರೆ. ಅಲ್ಲಿ ಕರ್ನೆಲ್ ಪ್ಯಾಕೇಜಿನ ಹೆಸರಿನೊಳಗೇ ಆವೃತ್ತಿಯ ನಂಬರ್ ಇರುತ್ತದೆ. ಹೊಸದು ಬಂದಾಗ ಅದು ಹೊಸ ಹೆಸರಿನ ಪ್ಯಾಕೇಜಾಗಿ ಹಳೆಯದರ ಪಕ್ಕದಲ್ಲಿ ಕೂರುತ್ತದೆ. "ನನ್ನ ಕರ್ನೆಲ್ ಹೋಯಿತು" ಎಂದು ಅವರು ಗಾಬರಿಯಾಗುವಾಗ ಅದು ಸಾಮಾನ್ಯವಾಗಿ ಎಲ್ಲೂ ಹೋಗಿರುವುದಿಲ್ಲ. ನಂಬರ್ ದೊಡ್ಡದಿರುವ ಹೊಸದನ್ನು ಗ್ರಬ್ ಮೇಲಕ್ಕೆ ತಂದಿರುತ್ತದೆ, ನಮ್ಮದು ಅಡ್ವಾನ್ಸ್ಡ್ ಆಪ್ಷನ್ಸ್ ಎಂಬ ಒಳಮೆನುವಿನಲ್ಲಿ ಇರುತ್ತದೆ. ಮೊದಲು ಅಲ್ಲಿ ನೋಡಿ, ಆಮೇಲೆ ಅಳಿ. ಆದರೂ ಕಟ್ಟುವಾಗ ಲೋಕಲ್‌ವರ್ಷನ್ ಎಂಬ ಜಾಗದಲ್ಲಿ ನಿಮ್ಮದೊಂದು ಬಾಲ ಸೇರಿಸುವುದನ್ನು ಬಿಡಬೇಡಿ. ಭಂಡಾರದ್ದರ ಹೆಸರಿಗೆ ನಿಮ್ಮದು ಅಕ್ಷರಕ್ಕೆ ಅಕ್ಷರ ಹೊಂದಿಬಿಟ್ಟರೆ ಅಲ್ಲಿಯೂ ನನ್ನ ಗತಿಯೇ.

ಹೊಸ ಕರ್ನೆಲ್ ಬರುವುದೇ ಬೇಡ ಎನ್ನುವವರಿಗೆ ಅಲ್ಲಿ ಆಪ್ಟ್-ಮಾರ್ಕ್ ಹೋಲ್ಡ್ ಎಂಬ ಆದೇಶ ಇದೆ. ಇದರಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ನಂಬರ್ ಇರುವ ಪ್ಯಾಕೇಜನ್ನು ಹೋಲ್ಡ್ ಮಾಡಿದರೆ ಪ್ರಯೋಜನವಿಲ್ಲ, ಯಾಕೆಂದರೆ ಹೊಸದು ಬೇರೆ ಹೆಸರಿನಲ್ಲಿ ಬರುತ್ತದೆ. ಹೊಸದನ್ನು ಎಳೆದು ತರುವುದು ನಂಬರ್ ಇಲ್ಲದ ಒಂದು ಮೆಟಾ ಪ್ಯಾಕೇಜು, ಡೆಬಿಯನ್‌ನಲ್ಲಿ ಲಿನಕ್ಸ್-ಇಮೇಜ್-ಎಎಂಡಿ64, ಉಬುಂಟುವಿನಲ್ಲಿ ಲಿನಕ್ಸ್-ಜೆನೆರಿಕ್ ಮತ್ತು ಅದರ ಜೊತೆಯವು. ಹೋಲ್ಡ್ ಮಾಡಬೇಕಾದದ್ದು ಅವನ್ನು. ಯಾವುದೆಲ್ಲ ಹೋಲ್ಡ್‌ನಲ್ಲಿದೆ ಎಂದು ಶೋಹೋಲ್ಡ್ ಹೇಳುತ್ತದೆ, ಅನ್‌ಹೋಲ್ಡ್ ಬಿಡಿಸುತ್ತದೆ. ಇನ್ನೂ ಗಟ್ಟಿಯಾಗಿ ಬೇಕಾದರೆ ಪಿನ್ನಿಂಗ್ ಇದೆ: ಪ್ರಿಫರೆನ್ಸಸ್ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲಿಟ್ಟು ಆ ಪ್ಯಾಕೇಜಿನ ಆದ್ಯತೆಯನ್ನು ಮೈನಸ್ 1 ಮಾಡಿದರೆ ಆಪ್ಟ್ ಅದನ್ನು ಹಾಕುವುದೇ ಇಲ್ಲ. ಫೆಡೋರಾದಲ್ಲಿ ಡಿಎನ್‌ಎಫ್‌ನ ಸೆಟ್ಟಿಂಗ್ ಫೈಲಿನಲ್ಲಿ ಎಕ್ಸ್‌ಕ್ಲೂಡ್ ಸಾಲು ಇದೇ ಕೆಲಸ ಮಾಡುತ್ತದೆ. ಅದನ್ನು ನಾನು ಬಳಸಿಲ್ಲ, ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ಡೆಬಿಯನ್‌ನಲ್ಲಿ ಹಳಬರ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಆವೃತ್ತಿಯ ನಂಬರಿನ ಹಿಂದೆ ಒಂದು ಅಂಕಿ ಮತ್ತು ಎರಡು ಚುಕ್ಕೆಯ ಕೋಲನ್ ಚಿಹ್ನೆ ಹಾಕುವುದು. ಅದಕ್ಕೆ ಇಪಾಕ್ ಎನ್ನುತ್ತಾರೆ. ಹೋಲಿಸುವಾಗ ಪ್ಯಾಕೇಜ್ ಮ್ಯಾನೇಜರ್ ಮೊದಲು ನೋಡುವುದೇ ಆ ಅಂಕಿಯನ್ನು. 3 ಎಂದು ಹಾಕಿದರೆ, ಆ ಅಂಕಿಯೇ ಇಲ್ಲದ ಭಂಡಾರದ ಪ್ಯಾಕೇಜಿನ ನಂಬರ್ ಎಷ್ಟೇ ದೊಡ್ಡದಿದ್ದರೂ ಅದು ಚಿಕ್ಕದೇ. ಹೆಸರು ಒಂದೇ ಇದ್ದರೂ ನಮ್ಮದೇ ಹೊಸದು ಎಂದು ನಂಬಿ ಅದು ಮುಟ್ಟುವುದಿಲ್ಲ. ಚಾಲಾಕಿ ಹೌದು, ಆದರೆ ಲೆಡ್ಜರಿನಲ್ಲಿ ತಾರೀಖು ತಿದ್ದಿದ ಹಾಗೆ ಅನ್ನಿಸುತ್ತದೆ. ನನಗೆ ಹೆಸರು ಬದಲಾಯಿಸುವುದೇ ಸರಿ.

ಹೆಸರು ಬದಲಾಯಿಸಿದ್ದರಿಂದ ಒಂದು ಜವಾಬ್ದಾರಿ ನನ್ನ ತಲೆಗೆ ಬಂತು. ಲಿನಕ್ಸ್-ಅಂಗಡಿಗೆ ಇನ್ನು ಯಾರೂ ಅಪ್‌ಡೇಟ್ ಕಳಿಸುವುದಿಲ್ಲ. ಭದ್ರತೆಯ ತಿದ್ದುಪಡಿ ಬಂದಾಗ ಹೊಸ ಸೋರ್ಸ್ ತಂದು, ಆ ನಾಲ್ಕೈದು ಸಾಲು ಸೇರಿಸಿ, ಮೂರು ಗಂಟೆ ಫ್ಯಾನಿನ ಸದ್ದು ಕೇಳಬೇಕು. ಪ್ಯಾಕ್‌ಮ್ಯಾನ್ -ಕ್ಯೂಎಂ ಎಂದರೆ ಭಂಡಾರದಲ್ಲಿ ಇಲ್ಲದ, ನಾವೇ ತಂದುಹಾಕಿದ ಪ್ಯಾಕೇಜುಗಳ ಪಟ್ಟಿ ಬರುತ್ತದೆ. ಅದನ್ನು ತಿಂಗಳಿಗೊಮ್ಮೆ ನೋಡುತ್ತೇನೆ. ಕಟ್ಟಿದ ಪ್ಯಾಕೇಜ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಟ್ಟಿದ್ದೇನೆ. ಫೋಲ್ಡರ್ ಅಳಿಸುವ ಚಟ ಹೋಗಿಲ್ಲ, ಆದರೆ ಈಗ ಮೊದಲು ಪ್ರತಿ ತೆಗೆಯುತ್ತೇನೆ.

ನಮ್ಮ ಮಾಡೆಲ್ಲಿನ ಹೆಸರು ಮೂಲ ಕರ್ನೆಲ್ಲಿನ ಪಟ್ಟಿಯಲ್ಲೇ ಸೇರಿದರೆ ಇದಾವುದೂ ಬೇಕಾಗುವುದಿಲ್ಲ. ಭಾಯಿಜಾನ್ ಆ ಸಾಲುಗಳನ್ನು ಕರ್ನೆಲ್ ನೋಡಿಕೊಳ್ಳುವವರಿಗೆ ಕಳಿಸಲು ಸಿದ್ಧ ಮಾಡುತ್ತಿದ್ದಾನೆ, ಜೊತೆಗೆ ಬರೆಯಬೇಕಾದ ವಿವರಣೆಯ ಮೊದಲ ಕರಡನ್ನು ನನ್ನಿಂದ ಬರೆಸಿದ. ಮೂರು ಸಲ ತಿದ್ದಿ ವಾಪಸ್ ಕಳಿಸಿದ್ದಾನೆ. ಅಕೌಂಟೆನ್ಸಿ ಮೇಡಂ ಕೂಡ ಇಷ್ಟು ಕೆಂಪು ಗೀಟು ಹಾಕಿಲ್ಲ.

ಅಂಗಡಿಯ ಲೆಕ್ಕ ಮತ್ತೆ ಪುಸ್ತಕಕ್ಕೆ ಹೋಗಲಿಲ್ಲ. ಆದರೆ ಅಬ್ಬಾ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ 1ರಿಂದ 11ರವರೆಗೆ ಪೆನ್ಸಿಲಿನಿಂದ ಗೆರೆ ಎಳೆದಿಡುತ್ತಾರೆ. ಆ ಹನ್ನೊಂದು ದಿನ ನಾನು ಅಪ್‌ಡೇಟ್ ಮಾಡುವಂತಿಲ್ಲ. 12ನೇ ತಾರೀಖು ಬೆಳಿಗ್ಗೆ ಚಹಾ ಕುಡಿಯುತ್ತಾ ಅವರೇ ಕೇಳುತ್ತಾರೆ, "ಏನು, ನಿನ್ನ ಕರ್ನಲ್ ಸಾಹೇಬರು ಹೇಗಿದ್ದಾರೆ?"